ಬೆಂಗಳೂರಿನಲ್ಲಿ ಬಾಡಿಗೆ ಮನೆ: ಮುಂಗಡ ಕೊಡುವ ಮುನ್ನ

ಬಾಡಿಗೆ ಎಷ್ಟೆಂದು ಆಮೇಲೆ ಕೇಳಿ. ಮೊದಲು ನೀರು ಯಾವುದೆಂದು ಕೇಳಿ. ಮನೆ ನೋಡಲು ಹೋದರೆ ನಾನು ನೇರವಾಗಿ ಬಚ್ಚಲಿಗೆ ನಡೆಯುತ್ತೇನೆ. ನಲ್ಲಿಯ ಬಾಯಿಗೆ, ಷವರಿನ ತೂತುಗಳಿಗೆ ಬಿಳಿ ಕರೆ ಗಟ್ಟಿಯಾಗಿ ಕಟ್ಟಿದ್ದರೆ ಅಲ್ಲಿ ಬರುತ್ತಿರುವುದು ಬೋರ್‌ವೆಲ್ ನೀರೇ, ಮಾಲೀಕರು ಕಾವೇರಿ ಎಂದು ಎಷ್ಟೇ ಆಣೆ ಇಟ್ಟರೂ. ಬೋರ್ ಬತ್ತಿದಾಗ ಟ್ಯಾಂಕರ್ ಹಣ ಯಾರು ಕೊಡಬೇಕೆಂದು ಕರಾರಿನಲ್ಲೇ ಬರೆಸಿ. 2024ರ ಬೇಸಿಗೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹತ್ತು ತಿಂಗಳ ಮುಂಗಡ ಎನ್ನುವುದು ಇಲ್ಲಿನ ಹಳೆಯ ರೂಢಿ, ಕಾನೂನಲ್ಲ. ಸಂಕೋಚ ಬಿಟ್ಟು ಚೌಕಾಸಿ ಮಾಡಿ, ಆರಕ್ಕೆ ಇಳಿಯುವವರಿದ್ದಾರೆ. ಮನೆ ಬಿಡುವಾಗ ಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. 18,000 ರೂಪಾಯಿ ಬಾಡಿಗೆಯಾದರೆ ಅಷ್ಟೂ ಹೋಯಿತು. (ಸುಣ್ಣ ಬಳಿಯುವುದು ಮಾತ್ರ ಮುಂದಿನ ಬಾಡಿಗೆದಾರ ಗಲಾಟೆ ಮಾಡಿದರೆ!) ಹಾಗಾಗಿ ಗೋಡೆಯ ತೇವ, ಮುರಿದ ಚಿಲಕ, ಎಲ್ಲದರ ಫೋಟೊಗಳನ್ನು ಮೊದಲ ದಿನವೇ ಮಾಲೀಕರ ವಾಟ್ಸಾಪ್‌ಗೆ ಕಳುಹಿಸಿ.

ಬೆಸ್ಕಾಂ ಮೀಟರ್ ನಿಮ್ಮ ಮನೆಗೇ ಪ್ರತ್ಯೇಕವಾಗಿದೆಯೇ ನೋಡಿ. ಗೃಹಜ್ಯೋತಿಯ ಉಚಿತ ವಿದ್ಯುತ್ ಬಾಡಿಗೆದಾರರಿಗೂ ಉಂಟು. ಆದರೆ ಒಂದೇ ಮೀಟರಿಗೆ ಮೂರು ಸಂಸಾರ ತೂಗಿಕೊಂಡಿದ್ದರೆ 200 ಯೂನಿಟ್ ಎಲ್ಲಿಗೆ ಸಾಲುತ್ತದೆ? ದಲ್ಲಾಳಿಗೆ ಹಣ ಕೊಡುವುದು ಕರಾರಿಗೆ ಸಹಿ ಬಿದ್ದ ಮೇಲೆ.