ಹೊಸ ಪಿಸ್ಟನ್ ಮತ್ತೆ ಹಿಡಿದುಕೊಂಡಿತೇ? ಮೂರನೆಯದನ್ನು ಕೊಳ್ಳುವ ಮುನ್ನ ಹೀಗೆ ಮಾಡಿ

ಭೀಮಾ ದಂಡೆಯ ಊರುಗಳಲ್ಲಿ ಬೋಟಿನ ಎಂಜಿನ್ ವರ್ಷದ ಹೆಚ್ಚಿನ ತಿಂಗಳು ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿರುತ್ತದೆ. ಮೇಲಿನಿಂದ ನೀರು ಬಿಟ್ಟ ಸುದ್ದಿ ಬಂದಾಗಲೇ ಅದರ ನೆನಪಾಗುವುದು. 2020ರ ಅಕ್ಟೋಬರ್ ಪ್ರವಾಹದ ನಂತರ ಕಲಬುರಗಿಯ ನನ್ನ ಶೆಡ್ಡಿಗೆ ಬಂದ ಹಳೆಯ ಟೂ-ಸ್ಟ್ರೋಕ್ ಬೋಟ್ ಎಂಜಿನ್‌ಗಳಲ್ಲಿ ಬಹುತೇಕ ಎಲ್ಲವುಗಳ ಹಿಂದೆಯೂ ಒಂದೇ ಮಾತು ಇರುತ್ತಿತ್ತು: "ಸಾಹೇಬ್ರ, ಬೋರ್ ಹೊಡಿಸಿ ಹೊಸಾ ಪಿಸ್ಟನ್ ಹಾಕ್ಸೀವ್ರಿ, ಎರಡ ತಾಸಿನ್ಯಾಗ ಮತ್ತ ಹಿಡ್ಕೊಂಡದ." ಬೋರ್ ಎಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ, ಅದನ್ನು ಕೊರೆದು ಅಗಲಿಸುವುದೇ ಬೋರ್ ಹೊಡೆಸುವುದು; ಪಿಸ್ಟನ್ ಅದರೊಳಗೆ ಸಿಕ್ಕಿಕೊಂಡು ಎಂಜಿನ್ ನಿಂತರೆ ಹಿಡಿದುಕೊಂಡಿತು ಎನ್ನುತ್ತಾರೆ. ಪಿಸ್ಟನ್ ಕಳಪೆಯೆಂದು ಅಂಗಡಿಯವನನ್ನು ಬೈದು ಇನ್ನೊಂದು ಪಿಸ್ಟನ್ ತರುವುದು, ಅದೂ ಹಿಡಿದುಕೊಂಡಾಗ ಬೋರ್ ಹೊಡೆದವನನ್ನು ಬೈಯುವುದು ರೂಢಿಯಾಗಿಬಿಟ್ಟಿದೆ. ಮೊದಲ ಪಿಸ್ಟನ್ ಯಾವ ಕಾರಣಕ್ಕೆ ಹೋಯಿತೋ ಆ ಕಾರಣ ಎಂಜಿನ್ನಿನೊಳಗೇ ಉಳಿದಿದ್ದರೆ ಎರಡನೆಯದೂ ಮೂರನೆಯದೂ ಅದೇ ದಾರಿ ಹಿಡಿಯುತ್ತವೆ.

ಎರಡು ಸಿಲಿಂಡರಿನ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಇರುವ, ಬೋಟಿನ ಹಿಂಬದಿಗೆ ತಗುಲಿಸುವ ಎಂಜಿನ್ನನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲ ಹಂತದಲ್ಲಿ ಬಿಚ್ಚಿದ ಪಿಸ್ಟನ್ನನ್ನು ಗುಜರಿಗೆ ಎಸೆಯದೆ, ಡೀಸೆಲ್ಲಿನಲ್ಲಿ ತೊಳೆದು ಬೆಳಕಿಗೆ ಹಿಡಿದು ಓದಬೇಕು. ಗೀರುಗಳು ಪಿಸ್ಟನ್ನಿನ ಸುತ್ತ ನಾಲ್ಕು ಮೂಲೆಗಳಲ್ಲಿ ಸಮನಾಗಿ ಎದ್ದಿದ್ದರೆ, ಸಿಲಿಂಡರ್ ಬಿಸಿಯಾಗುವ ಮೊದಲೇ ಪಿಸ್ಟನ್ ಉಬ್ಬಿದೆಯೆಂದು ಅರ್ಥ. ಒಂದೋ ಬೋರ್ ಬಿಗಿಯಾಗಿದೆ, ಇಲ್ಲವೇ ಎಂಜಿನ್ ಚಾಲೂ ಮಾಡಿದ ಕೂಡಲೇ ಯಾರೋ ಪೂರ್ತಿ ಆ್ಯಕ್ಸಿಲರೇಟರ್ ಕೊಟ್ಟಿದ್ದಾರೆ. ಹೊಗೆ ಹೊರಹೋಗುವ ಬದಿಯಲ್ಲಿ ಮಾತ್ರ ಗೀರಿದ್ದು ಒಳಬರುವ ಬದಿ ಶುಭ್ರವಾಗಿದ್ದರೆ, ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾಗಿದೆ ಅಥವಾ ಎಂಜಿನ್ನನ್ನು ತಂಪಾಗಿಸುವ ನೀರು ಸಾಲುತ್ತಿಲ್ಲ. ಒಳಬರುವ ಬದಿಯಲ್ಲಿ ಗೀರುಗಳಿದ್ದರೆ ಆಯಿಲ್ ಕೊರತೆಯನ್ನೋ, ಒಳಗೆ ನುಗ್ಗಿದ ದೂಳನ್ನೋ ಶಂಕಿಸಬೇಕು. ತಲೆಯ ನಡುವೆ ತೂತು ಬಿದ್ದಿದ್ದರೆ ಕಿಡಿಯ ಟೈಮಿಂಗ್ ಮತ್ತು ಪ್ಲಗ್ಗಿನ ಕಡೆ ನೋಡಿ. ಕೈಪಿಡಿ ಹೇಳಿದ್ದಕ್ಕಿಂತ ಬಿಸಿ ಪ್ಲಗ್ (ಅಂದರೆ ತುದಿಯ ಬಿಸಿಯನ್ನು ನಿಧಾನವಾಗಿ ಬಿಡುವಂಥದ್ದು) ಹಾಕಿದರೆ ಇಂಧನ ಕಿಡಿಗೆ ಮೊದಲೇ ಹೊತ್ತಿಕೊಳ್ಳುತ್ತದೆ. ಇದಕ್ಕಿಂತಲೂ ಮುಖ್ಯವಾದ ಪ್ರಶ್ನೆಯೆಂದರೆ, ಪ್ರತಿ ಸಲವೂ ಅದೇ ಸಿಲಿಂಡರ್ ಹಿಡಿದುಕೊಳ್ಳುತ್ತಿದೆಯೇ ಎಂಬುದು. ಎರಡೂ ಒಟ್ಟಿಗೆ ಹೋಗುತ್ತಿದ್ದರೆ ದೋಷ ಎರಡಕ್ಕೂ ಸಾಮಾನ್ಯವಾದ ಪೆಟ್ರೋಲು, ಆಯಿಲ್ ಅಥವಾ ನೀರಿನಲ್ಲಿದೆ. ಮೇಲಿನದೊಂದೇ ಪದೇಪದೇ ಹೋಗುತ್ತಿದ್ದರೆ ಮೇಲಿನ ಕಾರ್ಬೊರೇಟರ್ ಅಥವಾ ಫ್ಲೈವೀಲಿನ (ಎಂಜಿನ್ನಿನ ನೆತ್ತಿಯಲ್ಲಿ ತಿರುಗುವ ಭಾರದ ಗಾಲಿಯ) ಕೆಳಗಿರುವ ಕ್ರ್ಯಾಂಕ್ ಸೀಲ್, ಅಂದರೆ ಶಾಫ್ಟಿನ ಸುತ್ತ ಗಾಳಿ ತಡೆಯುವ ರಬ್ಬರ್ ಬಳೆಯ ಮೇಲೆ ನನ್ನ ಅನುಮಾನ.

ಎರಡನೆಯದು ಗಾಳಿ ಸೋರಿಕೆಯ ಪರೀಕ್ಷೆ. ಕೆಲಸ ಕೆಡುವುದು ಇಲ್ಲಿಯೇ, ಏಕೆಂದರೆ ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್‌ಕೇಸ್ ಪಂಪಿನಂತೆ ಕೆಲಸ ಮಾಡುತ್ತದೆ. ಪಿಸ್ಟನ್ ಮೇಲೆ ಹೋದಾಗ ಅಲ್ಲಿ ಹೀರುವಿಕೆ ಉಂಟಾಗಿ ಪೆಟ್ರೋಲು, ಆಯಿಲ್, ಗಾಳಿಯ ಮಿಶ್ರಣ ಒಳಬರುತ್ತದೆ. ಆ ಪೆಟ್ಟಿಗೆಯಲ್ಲಿ ಎಲ್ಲಿಯಾದರೂ ಸಣ್ಣ ಕಿಂಡಿಯಿದ್ದರೆ ಅಲ್ಲಿಂದ ಬರಿಯ ಗಾಳಿ ಬರುತ್ತದೆ. ಆ ಗಾಳಿಯೊಡನೆ ಪೆಟ್ರೋಲೂ ಇಲ್ಲ, ಆಯಿಲ್ಲೂ ಇಲ್ಲ. ಹೀಗಾಗಿ ಉರಿಯ ತಾಪ ಏರುವುದೂ ಜಾರಿಕೆ ಕುಗ್ಗುವುದೂ ಒಮ್ಮೆಗೇ ಆಗುತ್ತದೆ.

ಇದಕ್ಕೆ ದುಬಾರಿ ಸಾಧನ ಬೇಕಾಗಿಲ್ಲ. ರಕ್ತದೊತ್ತಡ ನೋಡುವ ಹಳೆಯ ಉಪಕರಣದ ರಬ್ಬರ್ ಬುಗ್ಗೆ ಮತ್ತು ಗಡಿಯಾರದಂಥ ಮಾಪಕ ಸಾಕು. ಅದರಲ್ಲಿರುವ 300 ಮಿ.ಮೀ. ಗುರುತು ಗ್ಯಾರೇಜಿನ ಲೆಕ್ಕದಲ್ಲಿ ಸುಮಾರು 6 ಪಿಎಸ್‌ಐಗೆ (ಚದರ ಇಂಚಿಗೆ 6 ಪೌಂಡ್ ಒತ್ತಡಕ್ಕೆ) ಸಮ, ನಮಗೆ ಬೇಕಾದ ಒತ್ತಡವೂ ಅಷ್ಟೇ. ಎಂಜಿನ್ನಿನ ತಲೆಭಾಗವನ್ನು ನೀರಿಗಿಳಿಯುವ ಉದ್ದನೆಯ ಕಾಲಿನಿಂದ ಬೇರ್ಪಡಿಸಿ, ಸಿಲಿಂಡರ್, ಹೆಡ್ ಮತ್ತು ಪ್ಲಗ್‌ಗಳನ್ನು ಜೋಡಿಸಿದ ಸ್ಥಿತಿಯಲ್ಲಿ ಮೇಜಿನ ಮೇಲಿಡಿ. ಹೊಗೆ ಹೊರಹೋಗುವ ಬಾಯಿಗೆ ಸೈಕಲ್ ಟ್ಯೂಬಿನ ರಬ್ಬರ್ ಹಾಸಿ ಅಲ್ಯೂಮಿನಿಯಂ ತಗಡನ್ನು ಬೋಲ್ಟಿನಿಂದ ಬಿಗಿಯಿರಿ. ಕಾರ್ಬೊರೇಟರ್ ಕೂರುವ ಜಾಗಕ್ಕೂ ಹಾಗೆಯೇ ತಗಡು ಹಾಕಿ, ಒಂದು ತಗಡಿಗೆ ಮಾತ್ರ ಬುಗ್ಗೆಯ ನಳಿಕೆ ಕೂರುವಷ್ಟು ತೂತು ಮಾಡಿ. ಪೆಟ್ರೋಲ್ ಪಂಪಿಗೆ ಒತ್ತಡ ಕೊಡುವ ಪುಟ್ಟ ರಂಧ್ರವನ್ನು ಮುಚ್ಚಲು ಮರೆಯಬೇಡಿ. ಇದನ್ನು ಮರೆತು ಅರ್ಧ ದಿನ ಸೋರಿಕೆ ಹುಡುಕಿದವರಲ್ಲಿ ನಾನೂ ಒಬ್ಬ. ಈಗ ಬುಗ್ಗೆ ಒತ್ತುತ್ತ 300ರ ತನಕ ಏರಿಸಿ ತಿರುಪು ಮುಚ್ಚಿ. ಅದಕ್ಕಿಂತ ಹೆಚ್ಚು ಕೊಟ್ಟರೆ ಒಳ್ಳೆಯ ಸೀಲಿನ ತುಟಿಯೂ ಮಡಚಿಕೊಳ್ಳುತ್ತದೆ. ಆದ್ದರಿಂದ ಟೈರಿಗೆ ಗಾಳಿ ಹಾಕುವ ಕಂಪ್ರೆಸರನ್ನು ಹತ್ತಿರವೂ ತರಬೇಡಿ.

ಒಂದು ನಿಮಿಷದಲ್ಲಿ ಮುಳ್ಳು 50 ಮಿ.ಮೀ. ಇಳಿಯುವುದನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ನಾನು 20ಕ್ಕಿಂತ ಹೆಚ್ಚು ಇಳಿದರೆ ಎಂಜಿನ್ನನ್ನು ಮುಂದಕ್ಕೆ ಬಿಡುವುದಿಲ್ಲ. ಇಳಿದ ಕೂಡಲೇ ಸೀಲನ್ನು ದೂರುವ ಮೊದಲು ನೀವೇ ಹಾಕಿದ ತಗಡುಗಳ ಅಂಚಿಗೆ ಸೋಪಿನ ನೀರು ಹಚ್ಚಿ ನೋಡಿ, ಏಕೆಂದರೆ ಮೊದಲ ಗುಳ್ಳೆ ಏಳುವುದು ಸಾಮಾನ್ಯವಾಗಿ ಅಲ್ಲಿಯೇ. ಆಮೇಲೆ ಸಿಲಿಂಡರಿನ ಬುಡ, ಕ್ರ್ಯಾಂಕ್‌ಕೇಸಿನ ಎರಡು ಹೋಳು ಸೇರುವ ಗೆರೆ, ಕಾರ್ಬೊರೇಟರಿನ ತಳ, ಕೊನೆಗೆ ಎರಡೂ ತುದಿಯ ಸೀಲುಗಳು. ಮೇಲಿನ ಸೀಲು ಫ್ಲೈವೀಲಿನ ಅಡಿಯಲ್ಲಿ ಅಡಗಿರುವುದರಿಂದ ಪುಲ್ಲರ್ (ಗಾಲಿ ಎಳೆದು ತೆಗೆಯುವ ಸಾಧನ) ಹಾಕಿ ಫ್ಲೈವೀಲನ್ನು ತೆಗೆಯಲೇಬೇಕು. ಆ ಶ್ರಮಕ್ಕೆ ಬೇಸತ್ತು "ಅದು ಚಲೋನೇ ಅದ ಬಿಡ್ರಿ" ಎಂದು ಮಿಸ್ತ್ರಿ ಹೇಳಿದರೆ ಒಪ್ಪಬೇಡಿ. ಕ್ರ್ಯಾಂಕನ್ನು ಕಾಲು ಸುತ್ತು ತಿರುಗಿಸಿ ಒತ್ತಡವನ್ನು ಮತ್ತೆ ಏರಿಸಿ ನೋಡಬೇಕು, ಏಕೆಂದರೆ ಶಾಫ್ಟಿನ ಮೇಲೆ ಸವೆದ ಗೆರೆಯಿದ್ದರೆ ಒಂದು ಕೋನದಲ್ಲಿ ಹಿಡಿದ ಸೀಲು ಇನ್ನೊಂದರಲ್ಲಿ ಸೋರುತ್ತದೆ. ಕೆಲವು ಸೀಲುಗಳು ಒಳಗಿನಿಂದ ಒತ್ತಿದಾಗ ಹಿಡಿದು, ಹೀರಿದಾಗ ಬಿಡುತ್ತವೆ. ಬ್ರೇಕ್ ಆಯಿಲ್ ಎಳೆಯುವ ಕೈಪಂಪು ಸಿಕ್ಕರೆ ಪ್ಲಗ್ಗಿನ ತೂತಿನಿಂದ, ಪಿಸ್ಟನ್ನನ್ನು ತೀರ ಕೆಳಗಿಳಿಸಿ, ಹೀರಿಕೆಯಲ್ಲಿಯೂ ಪರೀಕ್ಷಿಸುವುದು ಒಳ್ಳೆಯದು.

ಇಲ್ಲಿಯೇ ಪ್ಯಾಕಿಂಗ್, ಅಂದರೆ ಎರಡು ಭಾಗಗಳ ನಡುವೆ ಸೋರದಂತೆ ಹಾಕುವ ಕಾಗದದ ಹಾಸಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಕಾಗದವನ್ನು ಬ್ಲಾಕಿನ ಮೇಲಿಟ್ಟು ಸುತ್ತಿಗೆಯಿಂದ ಕುಟ್ಟಿ ಪ್ಯಾಕಿಂಗ್ ಕತ್ತರಿಸುವ ನಮ್ಮ ಹಳೆಯ ಕೈಚಳಕ ನೀರೆತ್ತುವ ಪಂಪಿಗೆ ಸರಿ, ಸಿಲಿಂಡರಿನ ಬುಡಕ್ಕೆ ಸಲ್ಲದು. ದಪ್ಪ ಬದಲಾದರೆ ಸಿಲಿಂಡರ್ ಗೋಡೆಯ ಪೋರ್ಟುಗಳು (ಮಿಶ್ರಣ, ಹೊಗೆ ಓಡಾಡುವ ಕಿಂಡಿಗಳು) ತೆರೆಯುವ ಹೊತ್ತೂ ಬದಲಾಗುತ್ತದೆ. ಬೆರಳಿನಲ್ಲಿ ಮೆತ್ತುವ ಸಿಲಿಕೋನ್ ಅಂಟು ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಒಳಗೆ ಉಬ್ಬಿದ ಅಂಟಿನ ಚೂರು ಕಳಚಿ ಬೇರಿಂಗಿಗೆ ಆಯಿಲ್ ಹೋಗುವ ತೂತನ್ನು ಮುಚ್ಚುತ್ತದೆ.

ಮೂರನೆಯದಾಗಿ ಪೆಟ್ರೋಲಿನ ದಾರಿ. ಇಂದು ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ 20 ಶೇಕಡ ಎಥನಾಲ್ ಬೆರೆತ ಪೆಟ್ರೋಲು. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಎಥನಾಲಿಗೆ 9 ಪಾಲು ಸಾಕು. ಆದ್ದರಿಂದ ಬರಿಯ ಪೆಟ್ರೋಲಿಗೆಂದು ಜೆಟ್ (ಪೆಟ್ರೋಲು ಹಾಯುವ ಅಳತೆಯ ತೂತಿನ ತಿರುಪು) ಕೂರಿಸಿದ ಹಳೆಯ ಕಾರ್ಬೊರೇಟರ್ ಈಗ ಏಳೆಂಟು ಶೇಕಡದಷ್ಟು ತೆಳುವಾದ, ಅಂದರೆ ಗಾಳಿ ಹೆಚ್ಚಾದ ಮಿಶ್ರಣ ಕೊಡುತ್ತದೆ. ಮೊದಲೇ ಅಂಚಿನಲ್ಲಿದ್ದ ಎಂಜಿನ್ನಿಗೆ ಅಷ್ಟು ಸಾಕು. ಮುಖ್ಯ ಜೆಟ್ಟನ್ನು ಒಂದು ಅಳತೆ ದೊಡ್ಡದಕ್ಕೆ ಬದಲಿಸುವುದು ನನ್ನ ಖಾಯಂ ಪದ್ಧತಿ. ಎಥನಾಲ್ ತೇವವನ್ನು ಹೀರುತ್ತದೆ. ಮಳೆಗಾಲವಿಡೀ ಡಬ್ಬಿಯಲ್ಲಿ ಉಳಿದ ಪೆಟ್ರೋಲಿನಲ್ಲಿ ನೀರು ಹೆಚ್ಚಾದರೆ ಅದೂ ಎಥನಾಲೂ ಸೇರಿ ತಳಕ್ಕಿಳಿದು, ಆಯಿಲ್ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ನಳಿಕೆ ಎಳೆಯುವುದು ತಳದಿಂದ, ಅಂದರೆ ಆಯಿಲ್ ಇಲ್ಲದ ಪದರದಿಂದ. ಕಳೆದ ವರ್ಷದ ಪೆಟ್ರೋಲನ್ನು ಬೋಟಿಗೆ ಹಾಕುವುದನ್ನು ನನ್ನ ಶೆಡ್ಡಿನಲ್ಲಿ ನಾನು ಬಿಡುವುದಿಲ್ಲ.

ಹಳೆಯ ರಬ್ಬರ್ ಪೈಪಿನ ಒಳಪದರ ಎಥನಾಲಿಗೆ ಬಿಚ್ಚಿಕೊಂಡು ದಾರಿ ಮುಚ್ಚುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಇದನ್ನು ಪತ್ತೆ ಮಾಡುವುದು ಸುಲಭ: ಬೋಟ್ ಪೂರ್ತಿ ವೇಗದಲ್ಲಿದ್ದು ಎಂಜಿನ್ ಕುಗ್ಗತೊಡಗಿದಾಗ ಜೊತೆಗಿದ್ದವರು ಪೆಟ್ರೋಲ್ ಪೈಪಿನ ರಬ್ಬರ್ ಬುಗ್ಗೆಯನ್ನು ಒತ್ತಲಿ. ಎಂಜಿನ್ ಚೇತರಿಸಿಕೊಂಡರೆ ಪಂಪಿನ ಪೊರೆ, ಪೈಪು ಅಥವಾ ಡಬ್ಬಿಯ ಮುಚ್ಚಳದ ಗಾಳಿತೂತನ್ನು ನೋಡಿ. ಬುಗ್ಗೆ ತಾನೇ ಚಪ್ಪಟೆಯಾಗುತ್ತಿದ್ದರೆ ದೋಷ ಬುಗ್ಗೆಗಿಂತ ಹಿಂದೆ, ಡಬ್ಬಿಯ ಬದಿಯಲ್ಲಿದೆ.

ಆಯಿಲ್ ವಿಚಾರದಲ್ಲಿ ಬೈಕಿನ ಟೂ-ಸ್ಟ್ರೋಕ್ ಆಯಿಲ್ ಹಾಕಿ ಉಳಿತಾಯ ಮಾಡಬೇಡಿ; ನೀರಿನಿಂದ ತಂಪಾಗುವ ಬೋಟ್ ಎಂಜಿನ್ನಿಗೆ ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 (ಬೋಟ್ ಎಂಜಿನ್ ಆಯಿಲ್ಲಿನ ದರ್ಜೆಯ ಗುರುತು) ಎಂದಿರುವುದೇ ಬೇಕು. ಬಿಡಿಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ಮಾರುವ ಆಯಿಲ್ ಬಗ್ಗೆ ಮಾತನಾಡುವುದೇ ಬೇಡ. 50ಕ್ಕೆ 1ರ ಮಿಶ್ರಣವೆಂದರೆ ಲೀಟರಿಗೆ 20 ಮಿ.ಲೀ., ಹೊಸ ಪಿಸ್ಟನ್ ಪಳಗುವ ಮೊದಲ ತಾಸುಗಳಲ್ಲಿ ಸಾಮಾನ್ಯವಾಗಿ 40 ಮಿ.ಲೀ. "ಜೀವಕ್ಕ ಚಲೋ" ಎಂದು ಇನ್ನೂ ಹೆಚ್ಚು ಸುರಿದರೆ ಅಷ್ಟೇ ಜಾಗದಲ್ಲಿ ಪೆಟ್ರೋಲು ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆಂಬುದು ಹಲವರಿಗೆ ಹೊಳೆಯುವುದಿಲ್ಲ. ಆಯಿಲ್ಲನ್ನು ತಾನೇ ಬೆರೆಸುವ ಪಂಪು ಇರುವ ಹಳೆಯ ಎಂಜಿನ್ನಿನಲ್ಲಿ ನಾನು ಆ ಪಂಪನ್ನು ನಂಬದೆ ಕೈಯಿಂದಲೇ ಬೆರೆಸುತ್ತೇನೆ.

ನಾಲ್ಕನೆಯದು ಬೋರಿನ ಅಳತೆ. ಪಿಸ್ಟನ್ನನ್ನು ಅದನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್ನಿಗೆ ಅಡ್ಡಲಾಗಿ, ಕೈಪಿಡಿ ಹೇಳಿದ ಎತ್ತರದಲ್ಲಿ ಮೈಕ್ರೋಮೀಟರಿನಿಂದ ಅಳೆಯಿರಿ. ಬೋರನ್ನು ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆಯಿರಿ. ಇಂಥ ಎಂಜಿನ್‌ಗಳಲ್ಲಿ ಬಿಡಬೇಕಾದ ಅಂತರ ಸಾಮಾನ್ಯವಾಗಿ 0.06ರಿಂದ 0.1 ಮಿ.ಮೀ. ನಡುವೆ ಇರುತ್ತದೆ, ಕೈಪಿಡಿಯ ಅಂಕಿಯೇ ಅಂತಿಮ. ನಮ್ಮ ಕಡೆಯ ಬೇಸಿಗೆಯಲ್ಲಿ ಇನ್ನೊಂದು ತೊಡಕಿದೆ. 80 ಮಿ.ಮೀ. ಅಗಲದ ಅಲ್ಯೂಮಿನಿಯಂ ಪಿಸ್ಟನ್ ಪ್ರತಿ 10 ಡಿಗ್ರಿಗೆ ಸುಮಾರು 0.018 ಮಿ.ಮೀ. ಉಬ್ಬುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಬೈಕಿನ ಸೀಟಿನ ಮೇಲೆ ಬಂದ ಪಿಸ್ಟನ್ನನ್ನು ನೆರಳಿನ ಬ್ಲಾಕಿನೊಡನೆ ಅಳೆದರೆ ಲೆಕ್ಕವೇ ತಪ್ಪುತ್ತದೆ. ಎರಡನ್ನೂ ರಾತ್ರಿಯಿಡೀ ಒಂದೇ ಕೋಣೆಯಲ್ಲಿಟ್ಟು ಬೆಳಿಗ್ಗೆ ಅಳೆಯಿರಿ. ಅಳತೆ ತೋರಿಸದೆ "ಸರಿ ಅದ, ಬೆರಳಿಗೆ ಗೊತ್ತಾಗ್ತದ" ಎನ್ನುವ ಲೇಥಿನವನ ಬಳಿ ಬೋರ್ ಹೊಡೆಸಬೇಡಿ. ಹೋನಿಂಗ್ (ಕಲ್ಲಿನಿಂದ ಬೋರಿನ ಗೋಡೆ ತೀಡುವುದು) ಆದಮೇಲೆ ಬೋರನ್ನು ಬಿಸಿನೀರು, ಸೋಪು, ಬ್ರಷ್ ಹಾಕಿ, ಬಿಳಿ ಬಟ್ಟೆ ಒರೆಸಿದರೆ ಬಿಳಿಯಾಗಿಯೇ ಬರುವ ತನಕ ತೊಳೆಯಬೇಕು. ಪೆಟ್ರೋಲಿನಲ್ಲಿ ಜಾಲಿಸಿದರೆ ಕಲ್ಲಿನ ಪುಡಿ ಗೀರಿನೊಳಗೇ ಕೂತಿರುತ್ತದೆ.

ಜೋಡಣೆ ಸುಲಭ: ಪಿಸ್ಟನ್ ತಲೆಯ ಮೇಲಿನ ಬಾಣ ಹೊಗೆ ಹೊರಹೋಗುವ ಬದಿಗೆ, ಪಿನ್ನಿನ ಲಾಕುಗಳು ಹೊಸವು, ರಿಂಗಿನ ಬಾಯಿ ಅದರ ಮೊಳೆಗೆ ಸರಿಯಾಗಿ.

ಐದನೆಯದಾಗಿ ತಂಪು ನೀರು. ಎರೆಮಣ್ಣು ಕದಡಿದ ಪ್ರವಾಹದ ನೀರು, ನೀರಿನ ಪಂಪಿನೊಳಗೆ ತಿರುಗುವ ಇಂಪೆಲ್ಲರಿನ ರಬ್ಬರ್ ರೆಕ್ಕೆಗಳನ್ನು ಮರಳು ಕಾಗದದಂತೆ ತೇಯುತ್ತದೆ. ಅಂತರಗಂಗೆಯ ಬೇರು ನೀರು ಹೀರುವ ಜಾಲರಿಗೆ ಸುತ್ತಿಕೊಳ್ಳುತ್ತದೆ. ಎಂಜಿನ್ ಕಟ್ಟುವಾಗಲೆಲ್ಲ ಹೊಸ ಇಂಪೆಲ್ಲರ್ ಹಾಕಿ, ಬಿಸಿಯಾದಾಗ ನೀರಿನ ದಾರಿ ತೆರೆಯುವ ಥರ್ಮೋಸ್ಟಾಟನ್ನು ಕುದಿಯುವ ನೀರಿನಲ್ಲಿ ತೆರೆಯಿಸಿ ನೋಡಿ, ಬ್ಲಾಕಿನ ನೀರಿನ ದಾರಿಯಿಂದ ಗಟ್ಟಿಯಾದ ಕೆಸರನ್ನು ತಂತಿಯಿಂದ ಕೆದಕಿ ತೆಗೆಯಿರಿ. ಹಿಂದಿನಿಂದ ಚಿಮ್ಮುವ ಸಣ್ಣ ನೀರಿನ ಎಳೆ ಪಂಪು ತಿರುಗುತ್ತಿದೆಯೆಂದು ಹೇಳುತ್ತದೆಯೇ ಹೊರತು ಮೇಲಿನ ಸಿಲಿಂಡರಿಗೆ ನೀರು ಮುಟ್ಟಿದೆಯೆಂದು ಹೇಳುವುದಿಲ್ಲ. ನೀರಿಲ್ಲದೆ "ಒಂದ ನಿಮಿಷ ಅಷ್ಟ" ಎಂದು ಅಂಗಳದಲ್ಲಿ ಚಾಲೂ ಮಾಡಿದರೆ ಆ ನಿಮಿಷದಲ್ಲಿಯೇ ಹೊಸ ಇಂಪೆಲ್ಲರ್ ಸುಡುತ್ತದೆ.

ಕೊನೆಯ ಪರೀಕ್ಷೆ ನೀರಿನಲ್ಲಿಯೇ ಆಗಬೇಕು. ಬ್ಯಾರಲ್ಲಿನಲ್ಲಿ ಎಂಜಿನ್ನಿಗೆ ಪೂರ್ತಿ ಹೊರೆ ಬೀಳದ ಕಾರಣ ಮುಖ್ಯ ಜೆಟ್ಟಿನ ಬಣ್ಣ ಬಯಲಾಗುವುದಿಲ್ಲ. ಐದು ನಿಮಿಷ ನಿಧಾನವಾಗಿ ಬಿಸಿ ಮಾಡಿ, ಮೊದಲ ತಾಸು ಅರ್ಧ ವೇಗವನ್ನು ದಾಟದೆ, ಒಂದೇ ವೇಗದಲ್ಲಿಯೂ ನಿಲ್ಲಿಸದೆ ಏರಿಳಿಸುತ್ತ ಓಡಿಸಿ. ಪಳಗಿದ ನಂತರ ನಿಂತ ನೀರಿನಲ್ಲಿ ಅರ್ಧ ನಿಮಿಷ ಪೂರ್ತಿ ವೇಗ ಕೊಟ್ಟು, ಆ್ಯಕ್ಸಿಲರೇಟರ್ ಇಳಿಸದೆಯೇ ಸ್ವಿಚ್ಚಿನಿಂದ ಎಂಜಿನ್ ನಿಲ್ಲಿಸಿ, ಎರಡೂ ಪ್ಲಗ್‌ಗಳನ್ನು ಅಲ್ಲಿಯೇ ಬಿಚ್ಚಿ ಪಕ್ಕಪಕ್ಕ ಹಿಡಿಯಿರಿ. ಎರಡೂ ಕಾಫಿಪುಡಿಯ ಬಣ್ಣದಲ್ಲಿದ್ದರೆ ದಡಕ್ಕೆ ತಿರುಗಿ. ಒಂದು ಮಾತ್ರ ಬೂದಿಯಂತೆ ಬೆಳ್ಳಗಿದ್ದರೆ ಎಂಜಿನ್ನನ್ನು ಮತ್ತೆ ಚಾಲೂ ಮಾಡದೆ, ಹುಟ್ಟು ಹಾಕಿಕೊಂಡಾದರೂ ದಡ ಸೇರಿ, ಆ ಸಿಲಿಂಡರಿನ ಸೀಲು ಮತ್ತು ಕಾರ್ಬೊರೇಟರಿಗೆ ಮರಳಿ ಬನ್ನಿ.