ಮಕ್ಕಳ ಶಾಲೆಯಲ್ಲಿ ಸ್ವಯಂಸೇವೆ: ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ

ಶಾಲೆಯವರು ಕರೆಯಲಿ, ಆಮೇಲೆ ಹೋದರಾಯಿತು ಎಂದು ಕಾಯುವವರಿಗೆ ಇಲ್ಲಿ ಕರೆ ಬರುವುದಿಲ್ಲ. ಶಾಲೆ ಶುರುವಾದ ಮೊದಲ ವಾರಗಳಲ್ಲಿ ಬ್ಯಾಕ್ ಟು ಸ್ಕೂಲ್ ನೈಟ್ ನಡೆಯುತ್ತದೆ. ಆ ಸಂಜೆ ಪೋಷಕರು ಸೇರುವ ತರಗತಿಯಲ್ಲಿ ಸ್ವಯಂಸೇವಕರಿಗಾಗಿ ಒಂದು ಸೈನ್‌ಅಪ್ ಹಾಳೆ ಇಟ್ಟಿರುತ್ತಾರೆ, ಅದೇ ಕರೆ. ಟೀಚರನ್ನು ಸುತ್ತುವರಿದು "ನಮ್ಮ ಮಗು ಗಣಿತದಲ್ಲಿ ಹೇಗೆ" ಎಂದು ಕೇಳುವುದರಲ್ಲಿ ನಮ್ಮವರು ಮುಂದು, ಹಾಳೆಯಲ್ಲಿ ಹೆಸರು ಬರೆಯುವುದರಲ್ಲಿ ಹಿಂದು. ಮಗುವಿನ ವಿಷಯ ಮಾತಾಡಲು ಪೇರೆಂಟ್ ಟೀಚರ್ ಕಾನ್ಫರೆನ್ಸ್ ಬೇರೆಯೇ ಇದೆ. ಬ್ಯಾಕ್ ಟು ಸ್ಕೂಲ್ ನೈಟ್‌ನಲ್ಲಿ ಹೆಸರು ಬರೆದು ಬನ್ನಿ.

ಇಲ್ಲಿ ಹೇಳಿರುವುದು ಪಬ್ಲಿಕ್, ಅಂದರೆ ಸರ್ಕಾರಿ ಶಾಲೆಗಳ ಮಾತು. ಅವನ್ನು ನಡೆಸುವ ಸ್ಥಳೀಯ ಆಡಳಿತಕ್ಕೆ ಸ್ಕೂಲ್ ಡಿಸ್ಟ್ರಿಕ್ಟ್ ಎನ್ನುತ್ತಾರೆ. ನಿಯಮಗಳು ಡಿಸ್ಟ್ರಿಕ್ಟ್‌ನಿಂದ ಡಿಸ್ಟ್ರಿಕ್ಟ್‌ಗೆ ಬದಲಾಗುತ್ತವೆ. ಶಾಲೆಯ ಆಫೀಸಿಗೆ ಹೋಗಿ ವಾಲಂಟಿಯರ್ ಕ್ಲಿಯರೆನ್ಸ್‌ಗೆ ಏನೇನು ಬೇಕು ಎಂದು ಪಟ್ಟಿ ಕೇಳಿ. ಒಂದು ದಿನದ ಪಾರ್ಟಿಗೆ ಬರುವವರಿಗೆ ಐಡಿ ತೋರಿಸಿದರೆ ಸಾಕಾಗಬಹುದು. ವಾರವಾರ ಬರುವವರಿಗೆ, ರಾತ್ರಿ ತಂಗುವ ಪ್ರವಾಸಕ್ಕೆ ಹೋಗುವವರಿಗೆ ಟಿಬಿ ಪ್ರಮಾಣಪತ್ರ, ಬೆರಳಚ್ಚು ಎರಡನ್ನೂ ಕೇಳುವುದೇ ಹೆಚ್ಚು. ಇವಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಪ್ರವಾಸ ಗೊತ್ತಾದ ಮೇಲೆ ಓಡಾಡಿದರೆ ಆಗದು, ಆಗಸ್ಟ್‌ನಲ್ಲೇ ಶುರುಮಾಡಿ.

ಟಿಬಿ: ನಮ್ಮವರು ಸಿಕ್ಕಿಹಾಕಿಕೊಳ್ಳುವ ಜಾಗ

ಮೊದಲು ರಿಸ್ಕ್ ಅಸೆಸ್‌ಮೆಂಟ್ ಎಂಬ ಸಣ್ಣ ಪ್ರಶ್ನಾವಳಿ. ಅದನ್ನು ತುಂಬಿ ಸಹಿ ಮಾಡುವವರು ಡಾಕ್ಟರ್ ಅಥವಾ ನರ್ಸ್, ನೀವಲ್ಲ. ಟಿಬಿ ಹೆಚ್ಚಿರುವ ದೇಶದಲ್ಲಿ ಹುಟ್ಟಿದ್ದೀರಾ, ಅಲ್ಲಿ ವಾಸವಿದ್ದಿರಾ ಎಂಬ ಪ್ರಶ್ನೆ ಅದರಲ್ಲಿ ಇರುತ್ತದೆ. ಭಾರತದಲ್ಲಿ ಹುಟ್ಟಿದವರ ಉತ್ತರ "ಹೌದು", ಆದ್ದರಿಂದ ಪರೀಕ್ಷೆ ಆಗಲೇಬೇಕು. ನಮ್ಮ ಮನೆಯಲ್ಲಿ ಯಾರಿಗೂ ಕ್ಷಯ ಇಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ, "ಇಲ್ಲ" ಎಂದು ಬರೆಸಲೂ ಬೇಡಿ.

ಪರೀಕ್ಷೆ ಎರಡು ಬಗೆ. ಮೊದಲನೆಯದರಲ್ಲಿ ಮುಂಗೈ ಚರ್ಮದಡಿ ಒಂದು ಹನಿ ಚುಚ್ಚಿ, 48ರಿಂದ 72 ಗಂಟೆಯೊಳಗೆ ಮತ್ತೆ ಕರೆದು ಗಂಟನ್ನು ಅಳೆಯುತ್ತಾರೆ. ಗುರುವಾರ ಚುಚ್ಚಿಸಿಕೊಂಡರೆ ಅಳತೆಯ ದಿನ ಶನಿವಾರ, ಭಾನುವಾರಕ್ಕೆ ಬೀಳುತ್ತದೆ. ಕ್ಲಿನಿಕ್ ಮುಚ್ಚಿದ್ದರೆ ಎಲ್ಲ ಮೊದಲಿಂದ. ಅದಕ್ಕಿಂತ ದೊಡ್ಡ ತೊಂದರೆ ತೋಳಿನ ಮೇಲಿನ ಆ ಗುಂಡನೆಯ ಕಲೆ. ಚಿಕ್ಕಂದಿನಲ್ಲಿ ಹಾಕಿಸಿದ ಬಿಸಿಜಿ ಲಸಿಕೆಯಿಂದ ಸೋಂಕಿಲ್ಲದವರಿಗೂ ಚರ್ಮದ ಪರೀಕ್ಷೆ ಪಾಸಿಟಿವ್ ತೋರಿಸಬಹುದು. ಇದನ್ನು ತಪ್ಪಿಸಲು ರಕ್ತದ ಪರೀಕ್ಷೆ ಕೇಳಿ. ಐಜಿಆರ್‌ಎ ಅನ್ನುತ್ತಾರೆ, ಕ್ವಾಂಟಿಫೆರಾನ್ ಎಂಬ ಹೆಸರು ಹೇಳಿದರೆ ಎಲ್ಲ ಕ್ಲಿನಿಕ್‌ನವರಿಗೂ ಗೊತ್ತಾಗುತ್ತದೆ. ಬಿಸಿಜಿ ಅದಕ್ಕೆ ಅಡ್ಡ ಬರುವುದಿಲ್ಲ, ಒಂದೇ ಭೇಟಿಯಲ್ಲಿ ಮುಗಿಯುತ್ತದೆ. ನೀವು ಬಾಯಿಬಿಟ್ಟು ಕೇಳದಿದ್ದರೆ ಚರ್ಮದ್ದನ್ನೇ ಮಾಡಿ ಕಳಿಸುವ ಕ್ಲಿನಿಕ್‌ಗಳಿವೆ.

ರಕ್ತದ್ದೂ ಪಾಸಿಟಿವ್ ಬಂದರೆ ಗಾಬರಿ ಬೇಡ. ಮುಂದಿನ ಹೆಜ್ಜೆ ಎದೆಯ ಎಕ್ಸ್‌ರೇ. ಅದು ಸರಿಯಿದ್ದು ಲಕ್ಷಣಗಳೂ ಇಲ್ಲದಿದ್ದರೆ ಸಾಮಾನ್ಯವಾಗಿ ಅದು ಸುಪ್ತ ಸೋಂಕು; ಯಾರಿಗೂ ಹರಡದು, ಶಾಲೆಗೆ ಹೋಗಲು ಅಡ್ಡಿಯಿಲ್ಲ. ಆದರೆ ಪ್ರಮಾಣಪತ್ರ ಸಿಕ್ಕಿತೆಂದು ಕೈತೊಳೆದುಕೊಳ್ಳಬೇಡಿ. ಸುಪ್ತ ಸೋಂಕು ಮುಂದೆಂದಾದರೂ ಕಾಯಿಲೆಯಾಗಬಹುದು. ಈಗ ಮೂರು ನಾಲ್ಕು ತಿಂಗಳ ಮಾತ್ರೆಯಲ್ಲಿ ಚಿಕಿತ್ಸೆ ಮುಗಿಯುತ್ತದೆ, ಡಾಕ್ಟರ ಹತ್ತಿರ ಮಾತಾಡಿ.

ಶಾಲೆಗೆ ಬೇಕಾದದ್ದು ಹರಡುವ ಟಿಬಿ ಇಲ್ಲ ಎಂದು ಡಾಕ್ಟರ್ ಸಹಿ ಮಾಡಿದ ಪ್ರಮಾಣಪತ್ರ. ಲ್ಯಾಬ್ ರಿಪೋರ್ಟ್ ಪ್ರಿಂಟ್ ತೆಗೆದುಕೊಂಡು ಹೋದರೆ ವಾಪಸ್ ಕಳಿಸುತ್ತಾರೆ. ಸಾಮಾನ್ಯವಾಗಿ ನಾಲ್ಕು ವರ್ಷ ನಡೆಯುತ್ತದೆ. ಮೂಲಪ್ರತಿ ನಿಮ್ಮಲ್ಲೇ ಇರಲಿ, ಆಫೀಸಿಗೆ ಜೆರಾಕ್ಸ್ ಕೊಡಿ. ಎರಡನೇ ಮಗುವಿನ ಶಾಲೆಗೂ ಅದೇ ಬೇಕಾಗುತ್ತದೆ.

ಬೆರಳಚ್ಚು

ಅಪರಾಧದ ದಾಖಲೆ ಇದೆಯೇ ಎಂದು ನೋಡಲು ಬೆರಳಚ್ಚು ಕೇಳುತ್ತಾರೆ. ಇದಕ್ಕೆ ಲೈವ್ ಸ್ಕ್ಯಾನ್ ಎಂದು ಹೆಸರು. ಮೊದಲು ಡಿಸ್ಟ್ರಿಕ್ಟ್‌ನ ಫಾರಂ, ಆಮೇಲೆ ಸ್ಕ್ಯಾನ್. ವರದಿ ಯಾರಿಗೆ ಹೋಗಬೇಕೆಂಬ ಕೋಡ್ ಆ ಫಾರಂ ಮೇಲೆ ಅಚ್ಚಾಗಿರುತ್ತದೆ. ಬೇರೆ ಸಂಸ್ಥೆಗೆಂದು ಕೊಟ್ಟ ಬೆರಳಚ್ಚಿನ ವರದಿ ಇಲ್ಲಿಗೆ ವರ್ಗವಾಗುವುದಿಲ್ಲ, ಹೊಸದಾಗಿ ಕೊಡಬೇಕು. ಸ್ಕ್ಯಾನ್ ಮುಗಿದ ಮೇಲೆ ಫಾರಂ ಮೇಲೆ ಬರೆದುಕೊಡುವ ಎಟಿಐ ನಂಬರನ್ನು ಫೋಟೊ ತೆಗೆದಿಟ್ಟುಕೊಳ್ಳಿ. ವರದಿ ತಡವಾದರೆ ವಿಚಾರಿಸಲು ಅದೊಂದೇ ದಾರಿ. ಬೆರಳು ಒಡೆದು ಒಣಗಿದ್ದರೆ ಗೆರೆ ಸರಿಯಾಗಿ ಮೂಡದೆ ತಿರಸ್ಕಾರವಾಗುತ್ತದೆ. ಕೆಲವು ದಿನ ಮೊದಲಿಂದ ಲೋಷನ್ ಹಚ್ಚಿ, ಹೋಗುವ ಹೊತ್ತಿಗೆ ಮಾತ್ರ ಬೇಡ.

ಹೆಸರಿನ ವಿಷಯ ಜೋಪಾನ. ಇನಿಶಿಯಲ್ ಒಂದು ಕಡೆ, ಅದನ್ನು ಬಿಡಿಸಿ ಬರೆದದ್ದು ಇನ್ನೊಂದು ಕಡೆ, ಗಂಡನ ಹೆಸರು ಮತ್ತೊಂದು ಕಡೆ ಇದ್ದರೆ ಆಫೀಸಿನವರಿಗೆ ಅದು ಮೂರು ಜನ. ಐಡಿ, ಟಿಬಿ ಪತ್ರ, ಫಾರಂ ಮೂರರಲ್ಲೂ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಬರೆಸಿ.

ವೀಸಾ, ಆಫೀಸ್ ರಜೆ

ಎಚ್-4ನಲ್ಲಿರುವವರು ಎಲ್ಲ ಪೋಷಕರೂ ಪುಕ್ಕಟೆ ಮಾಡುವ ಕೆಲಸವನ್ನು ಪುಕ್ಕಟೆ ಮಾಡಬಹುದು. ಊಟದ ಹೊತ್ತಿನಲ್ಲಿ ಅಂಗಳದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಯಾರ್ಡ್ ಡ್ಯೂಟಿಯಂಥವು ಎಷ್ಟೋ ಶಾಲೆಗಳಲ್ಲಿ ಸಂಬಳದ ಹುದ್ದೆಗಳು. "ಸದ್ಯ ಹಾಗೇ ಮಾಡಿ, ಆಮೇಲೆ ಕೊಡುತ್ತೇವೆ" ಎಂದರೆ ಒಪ್ಪಬೇಡಿ. ಅನುಮಾನ ಬಂದರೆ ವಕೀಲರನ್ನು ಕೇಳಿ, ವಾಟ್ಸಾಪ್ ಗುಂಪನ್ನಲ್ಲ.

ಕೆಲಸದಲ್ಲಿರುವ ಅಪ್ಪಂದಿರು "ನಮಗೆಲ್ಲಿ ಬಿಡುವು" ಎನ್ನುವ ಮೊದಲು ಓದಿಕೊಳ್ಳಿ: ಕ್ಯಾಲಿಫೋರ್ನಿಯಾ ಲೇಬರ್ ಕೋಡ್‌ನ 230.8ನೇ ಸೆಕ್ಷನ್ ಪ್ರಕಾರ, ಒಂದೇ ಜಾಗದಲ್ಲಿ 25 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಂಪನಿ ಮಗುವಿನ ಶಾಲೆಯ ಚಟುವಟಿಕೆಗೆ ವರ್ಷಕ್ಕೆ 40 ಗಂಟೆವರೆಗೆ, ತಿಂಗಳಿಗೆ 8 ಗಂಟೆ ಮೀರದಂತೆ ಬಿಡುವು ಕೊಡಬೇಕು. ಮೊದಲೇ ತಿಳಿಸಬೇಕು, ಕೇಳಿದರೆ ಶಾಲೆಯಿಂದ ಚೀಟಿ ತರಬೇಕು. ಇದಕ್ಕೆಂದು ಬೇರೆ ಸಂಬಳಸಹಿತ ರಜೆ ಸಿಗುವುದಿಲ್ಲ. ನಿಮ್ಮ ರಜೆಯಿಂದಲೇ ಕಳೆಯುತ್ತಾರೆ.

ತರಗತಿಯೊಳಗೆ

ಹಬ್ಬದ ಪಾರ್ಟಿಗೆ ಹದಿನೈದು ಜನ ಬರುತ್ತಾರೆ, ಬುಧವಾರ ಬೆಳಗಿನ ಓದಿನ ಗುಂಪಿಗೆ ಯಾರೂ ಇಲ್ಲ. ಟೀಚರ್‌ಗೆ ಬೇಕಾದವರು ವಾರಕ್ಕೊಮ್ಮೆ ಅದೇ ಹೊತ್ತಿಗೆ ಬರುವವರು. ಒಂದು ಗಂಟೆ ಸಾಕು. ಚಿಕ್ಕ ತರಗತಿಗಳಲ್ಲಿ ಮಕ್ಕಳನ್ನು ನಾಲ್ಕೈದು ಗುಂಪು ಮಾಡಿ, ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಮೇಜು ಬದಲಿಸುತ್ತಾರೆ. ನಿಮಗೆ ಒಂದು ಮೇಜು. ನೀವು ಬರದಿದ್ದರೆ ಇಡೀ ಸುತ್ತು ಕೆಡುತ್ತದೆ, ಆದ್ದರಿಂದ ಆಗದಿದ್ದರೆ ಹಿಂದಿನ ದಿನವೇ ಈಮೇಲ್ ಮಾಡಿ.

ಮಗು ಓದುತ್ತ ಒಂದು ಪದದಲ್ಲಿ ನಿಂತಾಗ ತಕ್ಷಣ ಹೇಳಿಕೊಡುವುದು ನಮ್ಮ ಅಭ್ಯಾಸ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಆಮೇಲೆ ಮೊದಲ ಅಕ್ಷರದ ಮೇಲೆ ಬೆರಳಿಟ್ಟು ಅದರ ಸದ್ದು ಕೇಳಿ. ಅದೂ ಆಗದಿದ್ದರೆ ಪದ ಹೇಳಿ ಮುಂದೆ ಓದಿಸಿ. ಗಣಿತದಲ್ಲಿ ಟೀಚರ್ ನಂಬರ್ ಲೈನ್ ಬರೆದು ಕೂಡಿಸಲು ಹೇಳಿದ್ದರೆ ಅದನ್ನೇ ಮಾಡಿಸಿ. ಕೈಲಿ ಹಿಡಿದು ದಶಕ ಸೇರಿಸುವ ನಿಮ್ಮ ವಿಧಾನವೂ ಮಗ್ಗಿಯೂ ಮನೆಗಿರಲಿ. ಇಂಗ್ಲಿಷ್ ಉಚ್ಚಾರಣೆಗೆ ಅಂಜಿ ಹಿಂದೆ ಸರಿಯುವವರಿಗೆ ಒಂದು ಮಾತು: ಆರು ವರ್ಷದ ಮಕ್ಕಳು ಒಂದು ವಾರದಲ್ಲಿ ಹೊಂದಿಕೊಳ್ಳುತ್ತಾರೆ, ಹೊಂದಿಕೊಳ್ಳದೆ ಮುದುಡುವುದು ದೊಡ್ಡವರೇ.

ಮಾತೇ ಬೇಡದ ಕೆಲಸವೂ ಇದೆ. ಜೆರಾಕ್ಸ್ ಮಾಡುವಾಗ ಇಲ್ಲಿ ಎ4 ಇಲ್ಲ, ಲೆಟರ್ ಅಳತೆ, ಎಂಟೂವರೆ ಇಂಚು ಅಗಲ, ಹನ್ನೊಂದು ಇಂಚು ಉದ್ದ. ಮನೆಯ ಕಂಪ್ಯೂಟರ್ ಎ4ಗೆ ಹೊಂದಿಸಿದ್ದರೆ ಕೆಳಗಿನ ಸಾಲು ಕತ್ತರಿಸಿಹೋಗುತ್ತದೆ. ಒಂದು ಪ್ರತಿ ತೆಗೆದು ನೋಡಿ ಉಳಿದದ್ದು ಒತ್ತಿ. ಲ್ಯಾಮಿನೇಟ್ ಮಾಡುವಾಗ ಮೊದಲು ಕಾಗದದ ಚೂರುಗಳನ್ನು ಕತ್ತರಿಸಿ, ನಡುವೆ ಬೆರಳಗಲ ಬಿಟ್ಟು ಜೋಡಿಸಿ. ಮೆಷಿನ್‌ನಿಂದ ಬಂದ ಮೇಲೆ ಕಾಗದದ ಸುತ್ತ ಮೂರು ಮಿಲಿಮೀಟರ್ ಪ್ಲಾಸ್ಟಿಕ್ ಉಳಿಸಿ ಕತ್ತರಿಸಿ. ಅಂಚಿಗೆ ಸಮನಾಗಿ ಕತ್ತರಿಸಿದರೆ ಎರಡು ಪದರವೂ ಬಿಟ್ಟುಕೊಳ್ಳುತ್ತವೆ, ಮಕ್ಕಳ ಉಗುರಿಗೆ ಅಷ್ಟೇ ಸಾಕು.

ಬಿಡದೆ ಪಾಲಿಸುವವು

- ಪ್ರತಿ ಸಲ ಆಫೀಸಿನಲ್ಲಿ ಸೈನ್ ಇನ್, ಬ್ಯಾಡ್ಜ್. ಹೊರಡುವಾಗ ಸೈನ್ ಔಟ್. ಬೆಂಕಿಯ ಡ್ರಿಲ್‌ನಲ್ಲಿ ಒಳಗೆ ಯಾರಿದ್ದಾರೆಂದು ಆ ಪಟ್ಟಿ ನೋಡುತ್ತಾರೆ.
- ಕೈಗೂಸು, ಮಗುವಿನ ತಮ್ಮ, ತಂಗಿಯರನ್ನು ಕೇಳದೆ ಕರೆತರಬೇಡಿ.
- ಬೇರೆಯವರ ಮಕ್ಕಳ ಫೋಟೊ ಬೇಡ.
- ಮಕ್ಕಳ ಶೌಚಾಲಯ ಬಳಸಬೇಡಿ, ಒಂಟಿ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರಬೇಡಿ.
- ಕಂಡ ಅಂಕ, ಯಾರು ಹಿಂದಿದ್ದಾರೆ ಎಂಬುದು ಪಾರ್ಕಿಂಗ್‌ನಲ್ಲಿ ಹೇಳುವ ಸುದ್ದಿಯಲ್ಲ.
- ತಿಂಡಿ ತರುವ ಮುನ್ನ ಕೇಳಿ. ಅಲರ್ಜಿಯ ಕಾರಣ ಪದಾರ್ಥಗಳ ಪಟ್ಟಿ ಅಚ್ಚಾದ ಪ್ಯಾಕೆಟ್ ಮಾತ್ರ ಒಪ್ಪುವ ಶಾಲೆಗಳು ಹೆಚ್ಚು. ಎಳ್ಳು ಕೂಡ ಅಲರ್ಜಿ ಪಟ್ಟಿಯಲ್ಲಿದೆ.
- ಪ್ರವಾಸಕ್ಕೆ ನಿಮ್ಮ ಕಾರಾದರೆ ಲೈಸೆನ್ಸ್, ಇನ್ಶೂರೆನ್ಸ್ ಪ್ರತಿ ಮೊದಲೇ ಕೊಡಿ. 8 ವರ್ಷದೊಳಗಿನವರು 4 ಅಡಿ 9 ಇಂಚು ಮುಟ್ಟದಿದ್ದರೆ ಹಿಂದಿನ ಸೀಟಿನಲ್ಲಿ ಬೂಸ್ಟರ್ ಅಥವಾ ಕಾರ್ ಸೀಟ್ ಕಡ್ಡಾಯ.

ಸಮಿತಿಗಳು

ಶಾಲೆಗೆ ಸೇರಿಸುವಾಗ ಕೊಡುವ ಹೋಮ್ ಲ್ಯಾಂಗ್ವೇಜ್ ಸರ್ವೇಯಲ್ಲಿ ಮನೆಮಾತು ಕನ್ನಡವಾಗಿದ್ದೂ "ಇಂಗ್ಲಿಷ್" ಎಂದು ಬರೆಯುವವರಿದ್ದಾರೆ, ಮಗುವನ್ನು ಕೆಳಗಿಡುತ್ತಾರೆಂಬ ಭಯಕ್ಕೆ. ಕನ್ನಡ ಎಂದೇ ಬರೆಯಿರಿ. ಸೇರಿದ 30 ದಿನದೊಳಗೆ ಎಲ್ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಚೆನ್ನಾಗಿ ಬಂದರೆ ಅಲ್ಲಿಗೆ ಮುಗಿಯಿತು, ಇಲ್ಲದಿದ್ದರೆ ಭಾಷೆಗೆ ನೆರವು ಸಿಗುತ್ತದೆ. ಇಂಗ್ಲಿಷ್ ಕಲಿಯುವ ಮಕ್ಕಳು 21 ಅಥವಾ ಹೆಚ್ಚಿರುವ ಶಾಲೆಯಲ್ಲಿ ಈಲ್ಯಾಕ್ ಎಂಬ, ಆ ಮಕ್ಕಳ ಬಗ್ಗೆ ಶಾಲೆಗೆ ಸಲಹೆ ಕೊಡುವ ಸಮಿತಿ ಇರಲೇಬೇಕು, ಅದರಲ್ಲಿ ಪೋಷಕರೂ ಇರುತ್ತಾರೆ. ಕುರ್ಚಿ ಖಾಲಿ ಬಿದ್ದಿರುತ್ತದೆ, ಹೋಗಿ ಕೂತುಕೊಳ್ಳಿ. ಶಾಲೆಯ ಯೋಜನೆ, ಅದರ ಹಣ ಚರ್ಚೆಯಾಗುವುದು ಸ್ಕೂಲ್ ಸೈಟ್ ಕೌನ್ಸಿಲ್‌ನಲ್ಲಿ, ಅದಕ್ಕೆ ಚುನಾವಣೆ.

1897ರಲ್ಲಿ ತಾಯಂದಿರ ಸಂಘಟನೆಯಾಗಿ ಶುರುವಾದ ಪಿಟಿಎ, ಅಂದರೆ ಪೋಷಕ ಶಿಕ್ಷಕರ ಸಂಘ, ಬೇರೆ. ಸದಸ್ಯತ್ವಕ್ಕೆ ವಾರ್ಷಿಕ ಚಂದಾ ಇದೆ, ಆದರೆ ತರಗತಿಯಲ್ಲಿ ನೆರವಾಗಲು ಸದಸ್ಯರಾಗಬೇಕೆಂದಿಲ್ಲ. ದೇಣಿಗೆ ಸ್ವಂತ ಇಷ್ಟ. ಕೊಡದ ಮನೆಯ ಮಗುವನ್ನು ಚಟುವಟಿಕೆಯಿಂದ ಹೊರಗಿಡುವಂತಿಲ್ಲ. ಶಾಲೆಯ ಮೇಳದ ಗಲ್ಲಾದಲ್ಲಿ ಕೂತರೆ ಹಣವನ್ನು ಒಬ್ಬರೇ ಎಣಿಸಬೇಡಿ: ಒಂದೇ ಮನೆಯವರಲ್ಲದ ಇಬ್ಬರು ಅಲ್ಲೇ ಎಣಿಸಿ, ಇಬ್ಬರೂ ಸಹಿ ಹಾಕಿ ಖಜಾಂಚಿಗೆ ಒಪ್ಪಿಸಿ. ರಾತ್ರಿ ಮನೆಗೆ ಒಯ್ದು ಬೆಳಿಗ್ಗೆ ತಂದುಕೊಡುವುದು ಬೇಡ.