ಥೈರಾಯ್ಡ್ ಟೆಸ್ಟ್‌ಗೆ ರಕ್ತ ಕೊಡುವ ಮುನ್ನ

ರಿಪೋರ್ಟಿನಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್) ಪಕ್ಕ ‘ಅಲ್ಟ್ರಾಸೆನ್ಸಿಟಿವ್’ ಅಂತ ಇರುವುದನ್ನು ನೋಡಿದ್ದೀರಾ? ಅದು ಸುಮ್ನೆ ಜಾಹೀರಾತಿನ ಮಾತಲ್ಲ. ವಿಕಿರಣ ಬಳಸಿ ಟಿಎಸ್‌ಎಚ್ ಅಳೆಯುತ್ತಿದ್ದ ಕಾಲದಲ್ಲಿ, ಅಂಕಿ 1ಕ್ಕಿಂತ ಕೆಳಗಿದ್ದರೆ ಎಷ್ಟು ಕೆಳಗೆ ಅಂತ ಹೇಳುವುದೇ ಕಷ್ಟವಿತ್ತು. ಆ ವಿಕಿರಣ ವಿಧಾನವೇನು ಸಣ್ಣದಲ್ಲ, ಅದಕ್ಕಾಗಿ ವಿಜ್ಞಾನಿ ರೊಸಾಲಿನ್ ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಈಗಿನ ಯಂತ್ರ ಬೆಳಕಿನ ಮಿಣುಕು ಅಳೆದು 0.01ರವರೆಗೂ ಹೇಳುತ್ತದೆ. ಹಾಗಾಗಿ ಈಗ ಎಡವಟ್ಟು ಆಗುವುದಿದ್ದರೆ ಹೆಚ್ಚಾಗಿ ಸೂಜಿ ಚುಚ್ಚುವ ಮೊದಲೇ.

ಮೊದಲು ಕೂದಲಿನ ಮಾತ್ರೆ ನಿಲ್ಲಿಸಿ. ಹೌದು, ಬಯೋಟಿನ್. ದೇಹಕ್ಕೆ ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ. ಮಾತ್ರೆಯಲ್ಲಿ 10,000 ಇರುವುದೂ ಉಂಟು! ಎಷ್ಟೋ ಯಂತ್ರಗಳು ಹಾರ್ಮೋನನ್ನು ಹಿಡಿದಿಡಲು ಬಯೋಟಿನ್ನನ್ನೇ ಕೊಂಡಿಯಾಗಿ ಬಳಸುತ್ತವೆ. ನಿಮ್ಮ ರಕ್ತದಲ್ಲಿ ತುಂಬಿರುವ ಬಯೋಟಿನ್ ಹೋಗಿ ಆ ಜಾಗದಲ್ಲಿ ಕೂತುಬಿಟ್ಟರೆ, ಟಿಎಸ್‌ಎಚ್ ಇದ್ದದ್ದಕ್ಕಿಂತ ಕಡಿಮೆ, ಎಫ್‌ಟಿ4 (ರಕ್ತದಲ್ಲಿ ಬಿಡಿಯಾಗಿರುವ ಥೈರಾಯ್ಡ್ ಹಾರ್ಮೋನ್) ಜಾಸ್ತಿ ಕಾಣುತ್ತದೆ. ಕಾಗದದ ಮೇಲೆ ಥೈರಾಯ್ಡ್ ಓವರ್ ಆದ ಹಾಗೆ! ಥೈರಾಯ್ಡ್ ತೊಂದರೆ ಇದ್ದವರಿಗೆ ಕೂದಲು ಉದುರುತ್ತದೆ, ಉದುರುವವರೇ ಈ ಮಾತ್ರೆ ನುಂಗುತ್ತಾರೆ. ಪೇಚಾಟ ಅಲ್ವಾ? ಕನಿಷ್ಠ 2 ದಿನ ಬಿಡಿ. ವೈದ್ಯರೇ ಬರೆದುಕೊಟ್ಟಿದ್ದರೆ ಅವರನ್ನು ಕೇಳಿ.

ಆಮೇಲೆ ಹೊತ್ತು. ಟಿಎಸ್‌ಎಚ್ ರಾತ್ರಿ ಏರಿ, ಮಧ್ಯಾಹ್ನದ ಹೊತ್ತಿಗೆ ಇಳಿದಿರುತ್ತದೆ. ಹಾಗಾಗಿ ಪ್ರತಿ ಸಲವೂ ಬೆಳಿಗ್ಗೆ, ಸುಮಾರು ಒಂದೇ ಗಂಟೆಗೆ, ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ ರಕ್ತ ಕೊಡಿ. ಖಾಲಿ ಹೊಟ್ಟೆ ಕಡ್ಡಾಯವಲ್ಲ. ಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಜೊತೆಗೆ ಒಯ್ದು, ರಕ್ತ ಕೊಟ್ಟ ಮೇಲೆ ನುಂಗಿ. ಡೋಸ್ ಬದಲಾಗಿದ್ದರೆ 6ರಿಂದ 8 ವಾರ ಕಾಯಿರಿ. ಟಿಎಸ್‌ಎಚ್ ಹೊಸ ಮಟ್ಟಕ್ಕೆ ಬಂದು ನಿಲ್ಲಲು ಅಷ್ಟು ದಿನ ಬೇಕು.

ರಿಪೋರ್ಟ್ ಓದುವಾಗ ಒಂದು ತಿರುವು ಇದೆ: ಟಿಎಸ್‌ಎಚ್ ಏರಿದರೆ ಗ್ರಂಥಿ ಸೋಮಾರಿಯಾಗಿದೆ ಎಂದರ್ಥ. ಅದನ್ನು ಎಬ್ಬಿಸಲು ಮಿದುಳಿನ ಬುಡದ ಪಿಟ್ಯುಟರಿ ಜೋರಾಗಿ ಕೂಗುತ್ತಿರುತ್ತದೆ. ದೊಡ್ಡವರಲ್ಲಿ ಸುಮಾರು 0.4ರಿಂದ 4ರವರೆಗೆ ಸರಿ. ಗರ್ಭಿಣಿಯರ ಲೆಕ್ಕ ಬೇರೆ, ಅದನ್ನು ಮೊದಲೇ ಲ್ಯಾಬಿಗೆ ತಿಳಿಸಿ. ಅಂಕಿ ಕೂದಲೆಳೆಯಷ್ಟು ಆಚೀಚೆ ಆದರೆ ಮಾತ್ರೆ ಶುರು ಮಾಡಬೇಕೆಂದೇನಿಲ್ಲ. ಸಾಮಾನ್ಯವಾಗಿ ಕೆಲವು ವಾರ ಬಿಟ್ಟು, ಎಫ್‌ಟಿ4 ಜೊತೆ ಮತ್ತೊಮ್ಮೆ ನೋಡುತ್ತಾರೆ. ಆ್ಯಂಟಿ-ಟಿಪಿಒ (ದೇಹವೇ ಥೈರಾಯ್ಡ್ ವಿರುದ್ಧ ತಿರುಗಿದೆಯೇ ಅಂತ ನೋಡುವ ಟೆಸ್ಟ್) ಒಮ್ಮೆ ಪಾಸಿಟಿವ್ ಬಂದರೆ ಸಾಕು, ಪ್ರತಿ ಸಲ ಅದಕ್ಕೆ ದುಡ್ಡು ಸುರಿಯಬೇಡಿ.